ಫಸ್ಟ್ ಪರೇಡ್ ಮೇಷ್ಟ್ರು

ನಮ್ಮ ಪಾಲಿಟೆಕ್ನಿಕ್‌ನ ಆಟೋಮೊಬೈಲ್ ವಿಭಾಗದಲ್ಲಿ ಓದಿದವರಿಗೆ ಹವಾಲ್ದಾರ್ ಮೇಷ್ಟ್ರು ಯಾರು ಅಂತ ಹೇಳಬೇಕಾಗಿಲ್ಲ. ಕಳೆದ ತಿಂಗಳು ಅವರು ತೀರಿಕೊಂಡರು. ಆ ದಿನ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ನೆನೆಸಿಕೊಂಡದ್ದು ಅವರನ್ನು ಮತ್ತು ವರ್ಕ್‌ಶಾಪಿನ ಹಸಿರು ಜೋಂಗಾ ಜೀಪನ್ನು.

ಮೇಷ್ಟ್ರು ಸೇನೆಯ ಇಎಂಇಯಲ್ಲಿ ದುಡಿದು ಬಂದವರು. ಗಾಡಿ, ತೋಪು, ರೇಡಿಯೊ ಎಲ್ಲವನ್ನೂ ಸುಸ್ಥಿತಿಯಲ್ಲಿ ಇಡುವ ದಳ ಅದು. ಜೋಂಗಾ ಕೂಡ ಸೇನೆಯಿಂದ ಹರಾಜಿನಲ್ಲಿ ಬಂದದ್ದೇ. ನಿಸ್ಸಾನ್ ವಿನ್ಯಾಸ, ಜಬಲ್ಪುರದ ತಯಾರಿ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್.

ಸಿಲಬಸ್‌ನಲ್ಲಿ ಏನಿತ್ತೋ, ಈಗ ಒಂದೂ ನೆನಪಿಲ್ಲ. ಮೂರು ಪರೇಡ್, ಅಂದರೆ ಸೇನೆಯಲ್ಲಿ ಗಾಡಿಗೆ ಮಾಡುವ ಮೂರು ತಪಾಸಣೆ ಮಾತ್ರ ಮರೆತಿಲ್ಲ. ಗಾಡಿ ಹೊರಡುವ ಮೊದಲು ಫಸ್ಟ್ ಪರೇಡ್: ಆಯಿಲ್, ನೀರು, ಬ್ಯಾಟರಿ, ಫ್ಯಾನ್ ಬೆಲ್ಟ್, ಬ್ರೇಕ್, ಟೈರಿನ ಗಾಳಿ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡಬೇಕು. ದಾರಿಯಲ್ಲಿ ನಿಂತರೆ ಹಾಲ್ಟ್ ಪರೇಡ್: ಚಕ್ರದ ಹಬ್ ಹತ್ತಿರ ಅಂಗೈಯ ಹಿಂಬದಿ ಹಿಡಿದು ಬಿಸಿ ನೋಡು, ಬಗ್ಗಿ ಗಾಡಿಯ ಕೆಳಗೆ ಏನಾದರೂ ಸೋರುತ್ತಿದೆಯಾ ನೋಡು. ಸಂಜೆ ಲಾಸ್ಟ್ ಪರೇಡ್. ಮೇಷ್ಟ್ರಿಗೆ ಇದೇ ಎಲ್ಲಕ್ಕಿಂತ ಮುಖ್ಯ. "ಇವತ್ತಿನ ಕೊರತೆ ಇವತ್ತೇ ಬರೆದಿಡು. ರಾತ್ರಿ ಎರಡು ಗಂಟೆಗೆ ಹೊರಡು ಅಂದರೆ ಗಾಡಿ ರೆಡಿ ಇರಬೇಕು" ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಗಾಡಿ ತೊಳೆದು ಕುಂಬಳಕಾಯಿ ಒಡೆಯುವ ನಮಗೆ ಇದೆಲ್ಲ ಹೊಸದು.

ಗಾಡಿಯಷ್ಟೇ ಅಲ್ಲ, ಅದರ ಜೊತೆಗಿರುವ ಸಾಮಾನಿಗೂ ಅದೇ ಲೆಕ್ಕ. ಜಾಕ್, ಟೋ ಚೈನ್, ಬೆಂಕಿ ಆರಿಸುವ ಸಿಲಿಂಡರ್, ಸ್ಪ್ಯಾನರ್‌ಗಳು, ಎಲ್ಲವನ್ನೂ ಟಾರ್ಪಾಲಿನ ಮೇಲೆ ಒಂದೇ ಕ್ರಮದಲ್ಲಿ ಜೋಡಿಸಬೇಕಿತ್ತು. ಒಂದು ಶನಿವಾರ, ಜೋಂಗಾದಲ್ಲಿ ಎಲ್ಲರೂ ಹೊಳೆದಂಡೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಮೇಷ್ಟ್ರ ಕಣ್ಣು ಎಷ್ಟು ಚುರುಕು ನೋಡೋಣ ಅಂತ ನಾವು ನಾಲ್ಕು ಜನ ಸೇರಿ ಹದಿನೇಳರ ರಿಂಗ್ ಸ್ಪ್ಯಾನರನ್ನು ಹಲಸಿನ ಮರದ ಪೊಟರೆಯಲ್ಲಿ ಬಚ್ಚಿಟ್ಟೆವು. ಉಳಿದವನ್ನು ಸ್ವಲ್ಪ ಸ್ವಲ್ಪ ಸರಿಸಿ ಸಂದು ಮುಚ್ಚಿದೆವು.

ಮೇಷ್ಟ್ರು ಬಂದರು. ಟಾರ್ಪಾಲಿನ ಕಡೆ ಒಮ್ಮೆ ನೋಡಿದರು ಅಷ್ಟೇ. "ಹದಿನೇಳು ಎಲ್ಲಿ?" ಯಾರೂ ಬಾಯಿ ಬಿಡಲಿಲ್ಲ. ಅವರು ಬೈಯಲಿಲ್ಲ, ಯಾರು ಅಂತಲೂ ಕೇಳಲಿಲ್ಲ. ಬಾನೆಟ್ ಎತ್ತಿಸಿದರು. "ಸ್ಪ್ಯಾನರ್ ಇಲ್ಲ ಅಂದ್ರೆ ಅದು ಎಂಜಿನ್ ಒಳಗೇ ಇದೆ ಅಂತ ಲೆಕ್ಕ. ಫ್ಯಾನಿಗೆ ಬಡಿದರೆ ರೇಡಿಯೇಟರ್ ಹೋಯ್ತು. ಸಿಗೋವರೆಗೆ ಗಾಡಿ ಅಲ್ಲಾಡಲ್ಲ." ಇಡೀ ತರಗತಿ ಎಂಜಿನ್ ಸುತ್ತ ಹುಡುಕಿತು, ನಾವು ನಾಲ್ವರೂ ಸೇರಿ. ಮಧ್ಯಾಹ್ನ ಸ್ಪ್ಯಾನರ್ ಹುಲ್ಲಿನಲ್ಲಿ "ಸಿಕ್ಕಿತು". ಅದಕ್ಕೆ ಅಂಟಿದ್ದ ಹಲಸಿನ ಮೇಣವನ್ನು ಮೇಷ್ಟ್ರು ಸೀಮೆಎಣ್ಣೆಯಲ್ಲಿ ಒರೆಸಿ ಜಾಗದಲ್ಲಿಟ್ಟು, "ಈಗ ಹೊರಡೋಣ" ಅಂದರು. ಹೊಳೆ ತಲುಪುವಷ್ಟರಲ್ಲಿ ಸಂಜೆಯಾಗಿತ್ತು.

ಮುಂದೆ ನಾನೂ ಇಎಂಇ ಸೇರಿದೆ. ಸಿಕಂದರಾಬಾದಿನ ತರಬೇತಿಯಲ್ಲಿ ಬೇರೆಯವರು ಪರೇಡ್‌ಗಳ ಹೆಸರು ಕಲಿಯುವಾಗ ನನಗೆ ಕೈಯೇ ತಾನಾಗಿ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಹತ್ತಿರ ಹೋಗುತ್ತಿತ್ತು. ಆಮೇಲೆ ಲಡಾಖ್. ಅಲ್ಲಿ ಮೇಷ್ಟ್ರ ಮಾತಿನ ತೂಕ ಗೊತ್ತಾಯಿತು. ಬ್ಯಾಟರಿಯ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.260 ತೋರಿಸಿದರೆ ಮೈನಸ್ 30 ಡಿಗ್ರಿಯಲ್ಲೂ ಆಸಿಡ್ ಹೆಪ್ಪುಗಟ್ಟುವುದಿಲ್ಲ. ಅದೇ 1.150ಕ್ಕೆ ಇಳಿದಿದ್ದರೆ ಮೈನಸ್ 15ರ ಆಸುಪಾಸಿನಲ್ಲೇ ಗಟ್ಟಿಯಾಗಿ ಡಬ್ಬಿ ಸೀಳಬಹುದು. ಸ್ಟಾಲಿಯನ್ ಲಾರಿಯ ಬ್ರೇಕಿನ ಗಾಳಿ ಟ್ಯಾಂಕಿನಲ್ಲಿ ದಿನವೂ ತೇವ ಸೇರುತ್ತದೆ. ಸಂಜೆ ಆ ನೀರು ಬಿಡದಿದ್ದರೆ ಬೆಳಿಗ್ಗೆ ವಾಲ್ವಿನಲ್ಲಿ ಮಂಜುಗಡ್ಡೆ. ಡೀಸೆಲ್ಲಿನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚುತ್ತದೆ. ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ ಲಡಾಖಿನ ಬಂಕ್‌ಗಳಿಗೆ ಬಂದದ್ದು 2019ರಲ್ಲಿ. ಅದಕ್ಕೆ ಮೊದಲು ಗಾಡಿ ಬೆಚ್ಚಗಿಡುವುದೇ ಒಂದು ಕೆಲಸ. ನನ್ನ ಜವಾಬ್ದಾರಿಯ ಗಾಡಿಗಳು ಕಾನ್ವಾಯ್ ಹೊರಡುವ ಹೊತ್ತಿಗೆ ಸ್ಟಾರ್ಟ್ ಆಗಿ ನಿಂತಿರುತ್ತಿದ್ದವು. ಅಧಿಕಾರಿಗಳು ಬೆನ್ನು ತಟ್ಟಿದ್ದಾರೆ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ.

ಹೋದ ವರ್ಷ ಕಾಲೇಜಿಗೆ ಬಂದಿದ್ದೆ. ಮಕ್ಕಳು ಬುದ್ಧಿವಂತರು. ಸೆನ್ಸರ್, ಸ್ಕ್ಯಾನರ್ ಬಗ್ಗೆ ನನಗಿಂತ ಜಾಸ್ತಿ ತಿಳಿದಿದ್ದಾರೆ. ಆದರೆ ಪ್ರಾಕ್ಟಿಕಲ್ ರೆಕಾರ್ಡ್ ಮಾತ್ರ ಹೋದ ವರ್ಷದವರದ್ದನ್ನು ನೋಡಿ ಬರೆಯುತ್ತಿದ್ದರು. ವೀಲ್ ನಟ್ ಎದುರುಬದುರು ಬಿಗಿಯಬೇಕು ಅಂತ ಬರೆದಿದ್ದ ಹುಡುಗ, ಒಮ್ಮೆಯೂ ಬಿಗಿದಿಲ್ಲ ಅಂದ. ತಪ್ಪು ಅವನದ್ದಲ್ಲ. ಅವನ ಕೈಗೆ ಸ್ಪ್ಯಾನರ್ ಕೊಟ್ಟವರೇ ಇಲ್ಲ, ಅಲ್ವಾ?

ಜೋಂಗಾ ಇನ್ನೂ ಹಿಂದಿನ ಶೆಡ್ಡಿನಲ್ಲಿದೆ. ಟೈರ್ ಕೂತಿವೆ, ಟ್ಯಾಂಕಿಗೆ ತುಕ್ಕು ಹಿಡಿದಿದೆ, ಎಂಜಿನ್ ಕೈಯಲ್ಲಿ ತಿರುಗುತ್ತದೆ. ಅದನ್ನು ಮತ್ತೆ ಓಡಿಸಬಹುದು. ನಮ್ಮ ಬ್ಯಾಚಿನವರು ಟೈರು, ಬ್ಯಾಟರಿ ಕೊಡಿಸಲು ಒಪ್ಪಿದ್ದಾರೆ. ದಸರಾ ರಜೆಯಲ್ಲಿ ನಾನೇ ಬಂದು ಕಲಿಸುತ್ತೇನೆ. ಬರುವ ಹುಡುಗ ಹುಡುಗಿಯರು ವಿಭಾಗದ ಮುಖ್ಯಸ್ಥರ ಹತ್ತಿರ ಹೆಸರು ಕೊಡಿ, ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.