ಬೀವರ್ ಹೊಟ್ಟೆಯಲ್ಲಿ ಕಾಣುವ ಆ ಉಬ್ಬು

ನಮ್ಮ ಲ್ಯಾಬ್‌ಗೆ ಹೊಸದಾಗಿ ಬಂದವರು ಮೊದಲ ಸಲ ಸತ್ತ ಬೀವರ್ (ನೀರಿನಲ್ಲೂ ದಡದಲ್ಲೂ ಬದುಕುವ, ಮರ ಕಡಿಯುವ ಪ್ರಾಣಿ) ಕೊಯ್ದಾಗ ಕೇಳುವ ಪ್ರಶ್ನೆ ಒಂದೇ: "ಇದು ಟ್ಯೂಮರ್ ಅಲ್ವಾ?"

ಕೇಳುವುದು ಸರಿಯೇ. ಅನ್ನನಾಳ ಬಂದು ಜಠರಕ್ಕೆ ಸೇರುತ್ತದಲ್ಲ, ಅದರ ಪಕ್ಕದಲ್ಲೇ ದಪ್ಪಗೆ ಒಂದು ಉಬ್ಬು. ಜಠರ ತೆರೆಯುವ ಮೊದಲೇ ಹೊರಗಿನಿಂದ ಕಾಣುತ್ತದೆ. ನಾಯಿಯ ಹೊಟ್ಟೆಯಲ್ಲಿ ಹೀಗೆ ಕಂಡರೆ ಗಾಬರಿಪಡಬೇಕು. ಬೀವರ್‌ನಲ್ಲಿ ಅದು ಹುಟ್ಟಿನಿಂದಲೇ ಇರುವ ಅಂಗ. ಹೆಸರು ಕಾರ್ಡಿಯೋಗ್ಯಾಸ್ಟ್ರಿಕ್ ಗ್ರಂಥಿ.

ನಾನಿರುವುದು ಕೆನಡಾದಲ್ಲಿ. ಸತ್ತ ಕಾಡುಪ್ರಾಣಿಗಳ ಪೋಸ್ಟ್‌ಮಾರ್ಟಮ್ ಮಾಡುವುದು ಕೆಲಸ. ಓದಿದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ, ಹಸು ಎಮ್ಮೆಗಳ ನಾಲ್ಕು ಕೋಣೆಯ ಹೊಟ್ಟೆ ನೋಡುತ್ತಾ. ಸೊಪ್ಪು ತಿನ್ನುವ ದೊಡ್ಡ ಪ್ರಾಣಿ ಅಂದರೆ ಮುಂದುಗಡೆ ಒಂದು ಹುದುಗಿಸುವ ಚೀಲ ಇರಲೇಬೇಕು ಅಂತ ಕೈ ಹುಡುಕುತ್ತದೆ. ಬೀವರ್ ದಂಶಕಗಳಲ್ಲಿ (ಇಲಿ, ಅಳಿಲುಗಳ ಬಳಗ) ಕ್ಯಾಪಿಬಾರಾ ಬಿಟ್ಟರೆ ಅತಿ ದೊಡ್ಡದು, 30 ಕೆಜಿವರೆಗೂ ಬೆಳೆಯುತ್ತದೆ. ಚಳಿಗಾಲದಲ್ಲಿ ತಿನ್ನುವುದು ಹೆಚ್ಚಾಗಿ ಮರದ ತೊಗಟೆ. ಆದರೂ ಜಠರ ಒಂದೇ ಕೋಣೆಯದು. ಹುದುಗುವ ಕೆಲಸವೆಲ್ಲ ಹಿಂದೆ, ದೊಡ್ಡ ಕರುಳಿನ ಶುರುವಿನಲ್ಲಿರುವ ಸೀಕಮ್ ಅನ್ನುವ ದೊಡ್ಡ ಚೀಲದಲ್ಲಿ.

ಇನ್ನು ಆ ಗ್ರಂಥಿ. ಜಠರ ಸೀಳಿ ತೊಳೆದರೆ ಒಳಗಿನಿಂದ ಅದರ ಮೇಲೆ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಒಂದೊಂದು ತೂತಿನ ಹಿಂದೆಯೂ ಕವಲೊಡೆದ ಗುಳಿಗಳು. ಅವುಗಳ ಗೋಡೆ ತುಂಬ ಆಸಿಡ್ ಮತ್ತು ಪೆಪ್ಸಿನ್ (ಪ್ರೋಟೀನ್ ಜೀರ್ಣಿಸುವ ಕಿಣ್ವ) ಸುರಿಸುವ ಕೋಶಗಳು. ಬೇರೆ ಪ್ರಾಣಿಗಳಲ್ಲಿ ಜಠರದ ಗೋಡೆಯಲ್ಲಿ ಅಗಲವಾಗಿ ಹರಡಿಕೊಂಡಿರುವ ಇಂಥ ಕೋಶಗಳನ್ನು ಇಲ್ಲಿ ಮಡಚಿ ಒಂದೇ ಕಡೆ ತುರುಕಿದ ಹಾಗಿದೆ. ಒರಟು ತೊಗಟೆ ಉಜ್ಜಿದರೂ ಗುಳಿಯೊಳಗಿನ ಕೋಶಗಳಿಗೆ ಪೆಟ್ಟು ಬೀಳುವುದಿಲ್ಲ ಅನ್ನುವುದು ಒಂದು ವಿವರಣೆ. ನನಗಂತೂ ಒಪ್ಪುವಂತಿದೆ. ತಮಾಷೆ ಏನೆಂದರೆ, ಇಂಥದೇ ಗ್ರಂಥಿ ಆಸ್ಟ್ರೇಲಿಯಾದ ಕೋಆಲಾ ಮತ್ತು ವಾಂಬ್ಯಾಟ್‌ಗಳಲ್ಲೂ ಇದೆ. ಬೀವರ್‌ಗೂ ಅವಕ್ಕೂ ಹತ್ತಿರದ ನೆಂಟಸ್ತನ ಏನೂ ಇಲ್ಲ!

ಹಾಗಾಗಿ ಹೊಸಬರಿಗೆ ನಾನು ಮೊದಲು ಹೇಳುವುದು, ರೋಗದ ಹೆಸರು ಆಮೇಲೆ ಬರೆಯಿರಿ, ಕಂಡಿದ್ದನ್ನು ಮೊದಲು ಬರೆಯಿರಿ ಅಂತ. ಎಲ್ಲಿದೆ, ಎಷ್ಟು ಅಗಲ, ಮೇಲ್ಮೈ ಹೇಗಿದೆ, ಕೊಯ್ದರೆ ಒಳಗೆ ಏನಿದೆ. ತೂತುಗಳು ಸಾಲಾಗಿ ಇವೆ, ಸುತ್ತಲಿನ ಗೋಡೆ ಸರಿಯಾಗಿದೆ ಅಂತ ಬರೆಯುವಷ್ಟರಲ್ಲಿ ಅನುಮಾನ ಅರ್ಧ ಇಳಿದಿರುತ್ತದೆ. ಹಾಗಂತ ಸುಮ್ನೆ ಬಿಡುವಂತೆಯೂ ಇಲ್ಲ. ಗ್ರಂಥಿಗೂ ಕಾಯಿಲೆ ಬರಬಹುದು. ಒಂದು ತುಂಡು ಮೈಕ್ರೋಸ್ಕೋಪಿನ ಸ್ಲೈಡ್‌ಗೆ ಹೋಗಲೇಬೇಕು.

ಇಡೀ ಉಬ್ಬನ್ನು ಹಾಗೇ ಫಾರ್ಮಲಿನ್‌ಗೆ (ಅಂಗಾಂಶ ಕೊಳೆಯದಂತೆ ಕಾಯುವ ದ್ರವ) ಹಾಕಿದರೆ ಉಪಯೋಗವಿಲ್ಲ. ದಪ್ಪ ಜಾಸ್ತಿ, ನಡುವಿನವರೆಗೆ ಫಾರ್ಮಲಿನ್ ಇಳಿಯುವಷ್ಟರಲ್ಲಿ ಒಳಗೆ ಕೊಳೆತಿರುತ್ತದೆ. ಗುಳಿಗಳಿಗೆ ಅಡ್ಡವಾಗಿ ಅರ್ಧ ಸೆಂಟಿಮೀಟರ್ ಬಿಲ್ಲೆ ಕೊಯ್ಯಿರಿ. ತುಂಡಿಗಿಂತ ಹತ್ತು ಪಟ್ಟು ಫಾರ್ಮಲಿನ್ ಇರಲಿ. ಗ್ಲೌಸ್, ಮಾಸ್ಕ್ ಬಿಡಬೇಡಿ, ಬೀವರ್‌ನಿಂದ ಟುಲರೀಮಿಯಾ ಅನ್ನುವ ಬ್ಯಾಕ್ಟೀರಿಯಾದ ಕಾಯಿಲೆ ಮನುಷ್ಯರಿಗೆ ಹರಡುತ್ತದೆ.

ಉಬ್ಬಿನ ಗುಂಗಿನಲ್ಲಿ ಸೀಕಮ್ ಮರೆಯುವವರೂ ಇದ್ದಾರೆ. ಅದನ್ನೂ ತೆರೆದು ತೊಳೆಯಿರಿ. ಸ್ಟೈಕಾರ್ಕಿಸ್ ಅನ್ನುವ ದಪ್ಪನೆಯ ಚಪ್ಪಟೆ ಹುಳ ಅಲ್ಲೇ ಸಿಗುವುದು. ನಮ್ಮೂರ ಹಸುಗಳ ಹೊಟ್ಟೆಯಲ್ಲಿ ಕಾಣುವ ಆಂಫಿಸ್ಟೋಮ್‌ಗಳ ಬಳಗವೇ ಅದು. ಹೆಬ್ಬಾಳದಲ್ಲಿ ಕಲಿತದ್ದು ಇಲ್ಲಿ ನೇರವಾಗಿ ಕೈಹಿಡಿದದ್ದು ಇದೊಂದರಲ್ಲಿ.

ಮಾಮೂಲಿ ಗ್ರಂಥಿಯ ಸ್ಲೈಡ್‌ಗಳನ್ನು ಈಗ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದೇವೆ, ಅನುಮಾನ ಬಂದವರು ಪಕ್ಕದಲ್ಲಿಟ್ಟು ನೋಡಲಿ ಅಂತ. ಬೆಳೆದ ಬೀವರ್‌ಗಳದ್ದು ಸಾಕಷ್ಟಿವೆ. ಹಾಲು ಕುಡಿಯುವ ಮರಿಗಳದ್ದು ಇನ್ನೂ ಬೇಕು.