ಚಪ್ಪಾಳೆಗೂ ಒಂದು ಮೈಕು ಬೇಕು

ನನ್ನ ಬಳಿಗೆ ಬರುವ ಬ್ಯಾಂಡ್‌ಗಳ ಬೇಡಿಕೆ ಹೆಚ್ಚುಕಡಿಮೆ ಒಂದೇ: "ತಪ್ಪುಗಳನ್ನೆಲ್ಲ ಸರಿಮಾಡಿ ಕೊಡಿ, ಆದರೆ ಲೈವ್ ಎಂದೇ ಕೇಳಿಸಬೇಕು." ಬೆಂಗಳೂರಿನಲ್ಲಿ ಸೌಂಡ್ ಮಿಕ್ಸಿಂಗ್ ಮಾಡಿಕೊಂಡು ಬದುಕುವವನಿಗೆ ಈ ಮಾತು ಹೊಸದಲ್ಲ. ಪಬ್‌ನಲ್ಲಿ, ಕಾಲೇಜು ಉತ್ಸವದಲ್ಲಿ, ಅಪರೂಪಕ್ಕೆ ಒಳ್ಳೆಯ ಸಭಾಂಗಣದಲ್ಲಿ ನಡೆದ ಕಾರ್ಯಕ್ರಮ ಹಾರ್ಡ್ ಡಿಸ್ಕಿನಲ್ಲಿ ಬಂದು ನನ್ನ ಮೇಜಿನ ಮೇಲೆ ಕೂರುತ್ತದೆ. ಒಂದೊಂದು ವಾದ್ಯಕ್ಕೂ ಒಂದೊಂದು ಟ್ರ್ಯಾಕ್. ಅದನ್ನು ಕೇಳುವಂತಹ ಆಲ್ಬಮ್ ಆಗಿಸುವುದು ನನ್ನ ಕೆಲಸ.

ರಾಕ್ ಸಂಗೀತದ ಅಭಿಮಾನಿಗಳಿಗೆ ಲೈವ್ ಆಲ್ಬಮ್ ಎಂದರೆ ಸತ್ಯ, ಸ್ಟುಡಿಯೋ ಎಂದರೆ ಸ್ವಲ್ಪ ಮೋಸ. ಈ ಕೆಲಸಕ್ಕೆ ಬರುವ ಮೊದಲು ನಾನೂ ಆ ಪಂಗಡದವನೇ. ಈಗ ಆ ವಾದದಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ವೇದಿಕೆಯ ಮೇಲೆ ಆದದ್ದರಲ್ಲಿ ಬಹಳಷ್ಟನ್ನು ಆಮೇಲೆ ತಿದ್ದಬಹುದು. ವೇದಿಕೆಯ ಎದುರು ಆದದ್ದನ್ನು ಅಂದೇ ಹಿಡಿಯದಿದ್ದರೆ ಯಾವ ತಂತ್ರಾಂಶದಿಂದಲೂ ತಂದುಕೊಡಲು ಆಗುವುದಿಲ್ಲ. ಕಿರಿಯರು ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ.

ತಿದ್ದುವುದರಿಂದಲೇ ಶುರು ಮಾಡೋಣ. ರಾಕ್ ವೇದಿಕೆಯಲ್ಲಿ ಗಾಯಕನ ಮೈಕು ಗಾಯಕನೊಬ್ಬನದಲ್ಲ. ಅವನ ಬೆನ್ನಿಗೇ ಡ್ರಮ್ಸ್ ಇರುತ್ತದೆ, ಪಕ್ಕದಲ್ಲಿ ಗಿಟಾರ್ ಆಂಪ್ಲಿಫೈಯರ್ ಕೂಗುತ್ತಿರುತ್ತದೆ. ಎಲ್ಲವೂ ಆ ಮೈಕಿನೊಳಗೆ ನುಗ್ಗುತ್ತವೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಲೀಕೇಜ್ ಎನ್ನುತ್ತೇವೆ. ಗಾಯಕ ಒಂದು ಸ್ವರದಲ್ಲಿ ಕೆಳಗೆ ಜಾರಿದ ಎಂದು ಅದನ್ನು ಕಂಪ್ಯೂಟರಿನಲ್ಲಿ ಮೇಲೆ ಎಳೆದರೆ ಅದರ ಜೊತೆ ಡ್ರಮ್ಸ್‌ನ ಲೋಹದ ತಟ್ಟೆ, ಅಂದರೆ ಸಿಂಬಲ್ ಕೂಡ ಮೇಲೆ ಏರಿ ವಿಚಿತ್ರವಾಗಿ ಓಲಾಡುತ್ತದೆ. ಸ್ಟುಡಿಯೋಗೆ ಕರೆಸಿ ಹೊಸದಾಗಿ ಹಾಡಿಸಿದರೆ ಹಳೆಯ ದನಿ ಡ್ರಮ್ಸ್ ಮೈಕುಗಳಲ್ಲಿ ದೆವ್ವದಂತೆ ಉಳಿದಿರುತ್ತದೆ; ಎರಡೂ ಒಟ್ಟಿಗೆ ಕೇಳಿಸುತ್ತವೆ. ಇನ್ನೂ ತಮಾಷೆಯೆಂದರೆ, ಗಾಯಕನ ಹಳೆಯ ಟ್ರ್ಯಾಕನ್ನು ಪೂರ್ತಿ ತೆಗೆದ ಕೂಡಲೇ ಡ್ರಮ್ಸ್ ಬಡವಾಗುತ್ತದೆ. ಅದರ ಗಾತ್ರದಲ್ಲಿ ಒಂದು ಪಾಲು ಆ ಮೈಕಿನಿಂದಲೇ ಬರುತ್ತಿತ್ತು.

ಥಿನ್ ಲಿಜ್ಜಿ ತಂಡದ 'ಲೈವ್ ಅಂಡ್ ಡೇಂಜರಸ್' ಬಗ್ಗೆ ನಡೆದ ಜಗಳ ಇದೇ ಕಾರಣಕ್ಕೆ ನನಗೆ ಅಚ್ಚುಮೆಚ್ಚು. 1978ರಲ್ಲಿ ಬಂದ ಆ ಆಲ್ಬಮ್ಮಿನ ಬಹುಪಾಲನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಹಾಡಿಸಲಾಗಿದೆ ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿಕೊಂಡರು. ಗಿಟಾರ್ ವಾದಕ ಬ್ರಯನ್ ರಾಬರ್ಟ್‌ಸನ್ ಅದನ್ನು ತಳ್ಳಿಹಾಕಿದರು: ನಾವು ನುಡಿಸುತ್ತಿದ್ದ ಸದ್ದಿಗೆ ಗಿಟಾರ್ ಎಲ್ಲ ಮೈಕುಗಳಲ್ಲೂ ತುಂಬಿಕೊಂಡಿತ್ತು, ಬದಲಿಸುವುದೇ ಅಸಾಧ್ಯವಾಗಿತ್ತು ಎಂಬುದು ಅವರ ವಾದ. ಯಾರು ಸರಿ ಎಂದು ಅಭಿಮಾನಿಗಳು ಇಂದಿಗೂ ಕಚ್ಚಾಡುತ್ತಾರೆ. ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಆದರೆ ರಾಬರ್ಟ್‌ಸನ್ ಹೇಳಿದ ತೊಂದರೆ ಎಂಥದೆಂದು ಪ್ರತಿ ತಿಂಗಳೂ ನನ್ನ ಕಿವಿಗೆ ಗೊತ್ತಾಗುತ್ತದೆ.

ಆಲ್‌ಮನ್ ಬ್ರದರ್ಸ್ ತಂಡ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಧ್ವನಿಮುದ್ರಣಕ್ಕೆ ನಿಂತಾಗ ಹೊರಗೆ ಧ್ವನಿಮುದ್ರಣದ ಟ್ರಕ್ಕಿನಲ್ಲಿ ಕೂತಿದ್ದವರು ನಿರ್ಮಾಪಕ ಟಾಮ್ ಡೌಡ್. ಬ್ಯಾಂಡ್ ಅವರಿಗೆ ತಿಳಿಸದೆ ಸ್ಯಾಕ್ಸೋಫೋನ್ ಬಳಗವನ್ನು ವೇದಿಕೆಗೆ ಹತ್ತಿಸಿತು. ಅವರು ಶ್ರುತಿ ತಪ್ಪಿ ಊದಿದರು. ಆ ಸದ್ದು ಎಲ್ಲ ಟ್ರ್ಯಾಕುಗಳಿಗೂ ಹರಡಿಕೊಂಡಿತು, ಅಳಿಸುವ ದಾರಿಯೇ ಇರಲಿಲ್ಲ. ವಿರಾಮದಲ್ಲಿ ಡೌಡ್ ಓಡಿಹೋಗಿ ಅವರನ್ನು ಕೈಬಿಡಿ ಎಂದರು. ಪ್ರದರ್ಶನ ಮುಗಿದ ಮೇಲೆ ಬ್ಯಾಂಡ್ ಟೇಪ್ ಕೇಳಿ, ಯಾವುದು ಸರಿಯಾಗಿ ಸಿಕ್ಕಿದೆ, ಮಾರನೆಯ ದಿನ ಯಾವುದನ್ನು ಮತ್ತೆ ನುಡಿಸಬೇಕು ಎಂದು ತೀರ್ಮಾನಿಸುತ್ತಿತ್ತು. ರಿಪೇರಿಯ ಸರಿಯಾದ ವಿಧಾನ ಇದು: ಮತ್ತೊಂದು ರಾತ್ರಿ ನುಡಿಸುವುದು. ನಮ್ಮಲ್ಲಿ ಇದಕ್ಕೆ ದುಡ್ಡು ಕೊಡುವವರಿಲ್ಲ. ಒಂದು ಕಾರ್ಯಕ್ರಮ, ಒಂದು ಧ್ವನಿಮುದ್ರಣ, ಆಮೇಲೆ ನನ್ನ ತಲೆಯ ಮೇಲೆ ಎಲ್ಲ ಭಾರ.

ತಿದ್ದುವಿಕೆ ಇನ್ನೊಂದು ತುದಿಗೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ 1980ರ 'ಈಗಲ್ಸ್ ಲೈವ್' ಇದೆ. ತಂಡ ಆಗಲೇ ಒಡೆದಿತ್ತು. ಗ್ಲೆನ್ ಫ್ರೈ ಲಾಸ್ ಏಂಜಲೀಸ್‌ನಲ್ಲಿ, ಉಳಿದವರು ಮಯಾಮಿಯಲ್ಲಿ. ಮುಖ ನೋಡಲು ಮನಸ್ಸಿಲ್ಲದ ಜನ ಕೂಡುದನಿಯನ್ನು ಬೇರೆ ಬೇರೆ ಊರಿನಲ್ಲಿ ತಿದ್ದಿ, ಟೇಪುಗಳನ್ನು ಕೊರಿಯರಿನಲ್ಲಿ ಕಳುಹಿಸಿಕೊಂಡರು. ಹೊರಬಂದದ್ದು ಅಚ್ಚುಕಟ್ಟಾಗಿದೆ. ನಾನು ವಿದ್ಯಾರ್ಥಿಗಳಿಗೆ ಅದನ್ನು ಕೇಳಿಸಿದಾಗ ಯಾರೂ ತಪ್ಪು ಕಂಡುಹಿಡಿಯುವುದಿಲ್ಲ. ಯಾರೂ ಎರಡನೆಯ ಸಲ ಕೇಳಬೇಕು ಎನ್ನುವುದೂ ಇಲ್ಲ.

ಹಾಗಾದರೆ ಎರಡನೆಯ ಸಲ ಕೇಳಿಸಿಕೊಳ್ಳುವ ಲೈವ್ ಆಲ್ಬಮ್ಮಿನಲ್ಲಿ ಇರುವುದೇನು? ಇಲ್ಲಿ ಸ್ವಲ್ಪ ನಿಲ್ಲಬೇಕು.

ಡೀಪ್ ಪರ್ಪಲ್ ತಂಡದ 'ಮೇಡ್ ಇನ್ ಜಪಾನ್' ತೆಗೆದುಕೊಳ್ಳಿ. 1972ರ ಆಗಸ್ಟ್ 15ರಿಂದ 17ರವರೆಗೆ, ಎರಡು ರಾತ್ರಿ ಒಸಾಕಾ, ಒಂದು ರಾತ್ರಿ ಟೋಕಿಯೋದ ಬುಡೋಕಾನ್ ಸಭಾಂಗಣ. ಎಂಜಿನಿಯರ್ ಮಾರ್ಟಿನ್ ಬರ್ಚ್ ಬಳಿ ಇದ್ದದ್ದು ಎಂಟು ಟ್ರ್ಯಾಕಿನ ಟೇಪ್. ಇಂದು ಸದ್ದು ಬೆರೆಸುವ ಸಾಧಾರಣ ಡಿಜಿಟಲ್ ಕನ್ಸೋಲ್ ಕೂಡ ಒಂದು ಕೇಬಲ್ಲಿನಲ್ಲಿ ಮೂವತ್ತೆರಡು ಟ್ರ್ಯಾಕುಗಳನ್ನು ಲ್ಯಾಪ್‌ಟಾಪಿಗೆ ಸುರಿಯುತ್ತದೆ. ನನ್ನ ಸಹಾಯಕನಿಗೆ ಎಂಟು ಎಂದರೆ ಡ್ರಮ್ಸ್‌ಗೇ ಸಾಲದು. ಆದರೆ ಆ ಕೊರತೆಯೇ ತೀರ್ಮಾನಗಳನ್ನು ಸ್ಥಳದಲ್ಲೇ ಮಾಡಿಸಿತು. ಮಿಶ್ರಣದಲ್ಲಿ ಆರ್ಗನ್ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ ನಿಂತಿವೆ. ಜಾನ್ ಲಾರ್ಡ್ ಒಂದು ಸಾಲು ನುಡಿಸುತ್ತಾರೆ, ರಿಚಿ ಬ್ಲ್ಯಾಕ್‌ಮೋರ್ ಅದಕ್ಕೆ ಮರುನುಡಿ ಕೊಡುತ್ತಾರೆ. ಹೆಡ್‌ಫೋನ್ ಹಾಕಿಕೊಂಡರೆ ಮಾತುಕತೆ ತಲೆಯ ಮಧ್ಯೆ ನಡೆಯುತ್ತದೆ. ನಡುವೆ ಗಾಯಕ ಇಯಾನ್ ಗಿಲ್ಲನ್ ಎಲ್ಲವೂ ಎಲ್ಲಕ್ಕಿಂತ ಜೋರಾಗಿ ಕೇಳಿಸಲಿ ಎಂದು ಕೇಳುವುದು ದಾಖಲಾಗಿದೆ. ವೇದಿಕೆಯ ಮೇಲಿನವರಿಗೆ ಅವರದೇ ಸದ್ದು ಕೇಳಿಸುವಂತೆ ಮಾಡುವ ಪ್ರತಿಯೊಬ್ಬ ಮಾನಿಟರ್ ಎಂಜಿನಿಯರ್ ಕೇಳಿಸಿಕೊಂಡ ಬೇಡಿಕೆ ಅದು. ಅವರು ತಮಾಷೆಗೆ ಹೇಳಿದರು, ನಮ್ಮವರು ಗಂಭೀರವಾಗಿಯೇ ಹೇಳುತ್ತಾರೆ.

ಆ ಆಲ್ಬಮ್ಮಿನಲ್ಲಿ ಜಪಾನಿನ ಪ್ರೇಕ್ಷಕರು ಸಂಗೀತ ನಡೆಯುವಾಗ ಗಮನವಿಟ್ಟು ಕೇಳಿ, ಮುಗಿದ ಮೇಲೆ ಸಿಡಿಯುತ್ತಾರೆ. ಆ ಮೌನ ಮೈಕಿಗೆ ಸಿಕ್ಕಿದೆ. ಅದರಿಂದಾಗಿ ಸಣ್ಣ ಸದ್ದಿನ ಭಾಗಗಳು ನಿಜಕ್ಕೂ ಸಣ್ಣದಾಗಿ ಉಳಿದು, ಬ್ಯಾಂಡ್ ಒಟ್ಟಿಗೆ ಎದ್ದಾಗ ಎತ್ತರ ತಿಳಿಯುತ್ತದೆ. ಅದೇ ಬುಡೋಕಾನಿನಲ್ಲಿ 1978ರಲ್ಲಿ ಚೀಪ್ ಟ್ರಿಕ್ ತಂಡ ನುಡಿಸಿದಾಗ ಕೇಳಿಸುವುದು ತೀರಾ ಬೇರೆ: ಹದಿಹರೆಯದ ಹುಡುಗಿಯರ ಕಿರುಚಾಟ ಹಾಡಿನ ಸಂದುಗಳಲ್ಲೆಲ್ಲ ನುಗ್ಗಿ ತಾನೇ ಒಂದು ವಾದ್ಯವಾಗಿಬಿಟ್ಟಿದೆ. ಆ ತಂಡದ ಒಂದು ಹಾಡು 1977ರಲ್ಲಿ ಸ್ಟುಡಿಯೋ ರೂಪದಲ್ಲಿ ಬಂದಾಗ ಅಮೆರಿಕದಲ್ಲಿ ಯಾರೂ ತಿರುಗಿ ನೋಡಲಿಲ್ಲ. ಬುಡೋಕಾನಿನ ಆವೃತ್ತಿ 1979ರಲ್ಲಿ ಅಲ್ಲಿನ ಮೊದಲ ಹತ್ತರೊಳಗೆ ಬಂತು. ರಾಗ ಅದೇ, ಸಾಹಿತ್ಯ ಅದೇ. ನಡೆ ಚುರುಕಾಗಿತ್ತು, ಮತ್ತು ಎದುರಿಗೆ ಜನ ಇದ್ದರು.

ಇನ್ನು ಕುಂದುಗಳು. ಅವನ್ನು ಮುಚ್ಚಿಡುವ ಅಭಿಮಾನಿಗಳ ಜೊತೆ ನನಗೆ ತಾಳ್ಮೆ ಕಡಿಮೆ.

ಒಂದನೆಯದು, ಕಣ್ಣಿಗೆ ಇದ್ದದ್ದು ಕಿವಿಗೆ ಬರುವುದಿಲ್ಲ. ಹತ್ತು ನಿಮಿಷದ ಡ್ರಮ್ಸ್ ಒಂಟಿವಾದನ ಮೈದಾನದಲ್ಲಿ ರೋಮಾಂಚನ. ಬೆವರು, ಬೆಳಕು, ಕೋಲು ತಿರುಗಿಸುವ ಕೈ ಎಲ್ಲ ಕಾಣುತ್ತವೆ. ಮನೆಯಲ್ಲಿ ಕೂತು ಕೇಳುವಾಗ ಮೂರನೆಯ ನಿಮಿಷಕ್ಕೆ ಕೈ ಫೋನಿನ ಕಡೆ ಹೋಗುತ್ತದೆ. 'ಮೇಡ್ ಇನ್ ಜಪಾನ್' ಕೂಡ ಇದಕ್ಕೆ ಹೊರತಲ್ಲ. ಡ್ರಮ್ಮರ್ ಇಯಾನ್ ಪೇಸ್ ಬಗ್ಗೆ ನನಗಿರುವ ಗೌರವದ ಅಳತೆಗೂ ಆ ಭಾಗವನ್ನು ನಾನು ದಾಟಿಸುವುದಕ್ಕೂ ಸಂಬಂಧವಿಲ್ಲ.

ಎರಡನೆಯದು ಕತ್ತರಿ. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು ಮಾತ್ರ ಹಿಡಿಸುತ್ತಿತ್ತು. ದ ಹೂ ತಂಡ 1970ರ ಫೆಬ್ರವರಿ 14ರಂದು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಊಟದ ಸಭಾಂಗಣದಲ್ಲಿ ಸುದೀರ್ಘ ಕಾರ್ಯಕ್ರಮ ಕೊಟ್ಟಿತು. ಅದೇ ವರ್ಷ ಬಂದ 'ಲೈವ್ ಅಟ್ ಲೀಡ್ಸ್' ಆಲ್ಬಮ್ಮಿನಲ್ಲಿ ಇದ್ದದ್ದು ಆರೇ ಹಾಡು. ಸಂಜೆಯ ಏರಿಳಿತ, ಸುಸ್ತು, ಚೇತರಿಕೆ, ನಡುವಿನ ಹರಟೆ ಎಲ್ಲ ಹೋಗಿ ಕೇವಲ ಶಿಖರಗಳು ಉಳಿದವು. ಆ ಟೇಪಿನಲ್ಲಿ ಚಟಪಟ ಸದ್ದೂ ಇತ್ತು. ಅದನ್ನು ಅಳಿಸಲು ಆಗದೆ, ಚಟಪಟ ಸದ್ದು ಇರುವುದೇ ಹೀಗೆ, ತಿದ್ದಬೇಡಿ ಎಂದು ಡಿಸ್ಕಿನ ಲೇಬಲ್ಲಿನ ಮೇಲೆಯೇ ಬರೆದರು. 1995ರ ಸಿಡಿಯಲ್ಲಿ ಹೆಚ್ಚಿನ ಹಾಡುಗಳು ಬಂದವು, ಚಟಪಟ ಹೋಯಿತು. ಲೀಡ್ಸ್ ಕಾರ್ಯಕ್ರಮದ ಮಾರನೆಯ ದಿನ ಹಲ್ ಊರಿನಲ್ಲಿ ಮಾಡಿದ ಧ್ವನಿಮುದ್ರಣದ ಮೊದಲ ಕೆಲವು ಹಾಡುಗಳಲ್ಲಿ ಬೇಸ್ ಗಿಟಾರೇ ದಾಖಲಾಗಿರಲಿಲ್ಲ. ಆ ಕಾರ್ಯಕ್ರಮ ಹೊರಬಂದದ್ದು 2010ರಲ್ಲಿ, ಆ ಹಾಡುಗಳಿಗೆ ಲೀಡ್ಸ್‌ನ ಬೇಸನ್ನೇ ತಂದು ಜೋಡಿಸಿದ ಮೇಲೆ. ಒಂದು ರಾತ್ರಿ ನುಡಿಸಿದ್ದು ಇನ್ನೊಂದು ರಾತ್ರಿಗೆ ಕೂಡಿಕೊಳ್ಳಬೇಕಾದರೆ ಬೇಸ್ ವಾದಕ ಜಾನ್ ಎಂಟ್ವಿಸಲ್ ಮತ್ತು ಡ್ರಮ್ಮರ್ ಕೀತ್ ಮೂನ್ ನಡುವಿನ ಹೊಂದಾಣಿಕೆ ಎಷ್ಟು ಗಟ್ಟಿಯಿದ್ದಿರಬೇಕು ಎಂದು ನನ್ನಂಥವರಿಗೆ ಅರ್ಥವಾಗುತ್ತದೆ. ಮೂನ್ ಶಿಸ್ತಿಲ್ಲದೆ ನುಡಿಸುತ್ತಿದ್ದರು ಎನ್ನುವವರಿಗೆ ಇದೊಂದು ಉತ್ತರ.

ಮೂರನೆಯದು ಹೊಲಿಗೆ. 2008ರ ಫೆಬ್ರವರಿ 1ರಂದು ಐರನ್ ಮೇಡನ್ ತಂಡ ತನ್ನ ವಿಶ್ವಪ್ರವಾಸವನ್ನು ಮುಂಬಯಿಯಿಂದ ಆರಂಭಿಸಿತು. ಮರುವರ್ಷ ಬಂದ 'ಫ್ಲೈಟ್ 666' ಆಲ್ಬಮ್ಮಿನ ಮೊದಲ ಹಾಡು ಮುಂಬಯಿಯದ್ದು. ಭಾರತದ ಜನಸಂದಣಿಯ ಸದ್ದು ಅಷ್ಟು ದೊಡ್ಡ ತಂಡದ ಆಲ್ಬಮ್ಮಿನಲ್ಲಿ ಕೇಳಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಮುಂದಿನ ಹಾಡು ಮೆಲ್ಬರ್ನ್, ಆಮೇಲೆ ಸಿಡ್ನಿ, ಆಮೇಲೆ ಟೋಕಿಯೋ. ಒಂದೊಂದು ಹಾಡಿಗೂ ಊರು ಬದಲಾಗುತ್ತದೆ. ಪ್ರವಾಸದ ಆಲ್ಬಮ್ ಆಗಿ ಅದಕ್ಕೆ ಅರ್ಥವಿದೆ, ಒಂದು ಸಂಜೆಯ ಅನುಭವವಾಗಿ ಇಲ್ಲ. 2007ರ ಮಾರ್ಚ್‌ನಲ್ಲಿ ಅದೇ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಅಂಥ ಬಯಲಿನಲ್ಲಿ ಗೋಡೆ, ಮಾಳಿಗೆ ಇಲ್ಲದ್ದರಿಂದ ಜನರ ಕೂಗು ಆಕಾಶಕ್ಕೆ ಹೋಗುತ್ತದೆ. ಸಾವಿರಾರು ಜನ ಇದ್ದರೂ ಮೈಕಿನಲ್ಲಿ ಹತ್ತಿರದ ಇಪ್ಪತ್ತು ಜನರ ಹರಟೆ ಮಾತ್ರ ಸಿಗುತ್ತದೆ. ನಮ್ಮ ಊರಿನ ದೊಡ್ಡ ಕಾರ್ಯಕ್ರಮಗಳೆಲ್ಲ ಬಯಲಿನಲ್ಲೇ ನಡೆಯುವುದರಿಂದ ಇದು ನಮಗೆ ದಿನನಿತ್ಯದ ತಲೆನೋವು.

ಆಗ ಸುಲಭದ ದಾರಿಯೊಂದಿದೆ: ಸದ್ದಿನ ಸಂಗ್ರಹದಿಂದ ಸಿದ್ಧ ಚಪ್ಪಾಳೆ ತಂದು ಅಂಟಿಸುವುದು. ಒಂದು ಬ್ಯಾಂಡ್ ಅದನ್ನೇ ಮಾಡಿ ಎಂದು ಹಟ ಹಿಡಿದಿತ್ತು. ಕಳುಹಿಸಿದ್ದ ಟ್ರ್ಯಾಕುಗಳಲ್ಲಿ ಪ್ರೇಕ್ಷಕರ ಮೈಕೇ ಇರಲಿಲ್ಲ. ಹಾಡು ಮುಗಿದ ಕೂಡಲೇ ಬಾವಿಗೆ ಬಿದ್ದಂತೆ ನಿಶ್ಶಬ್ದ. ನಾನು ಹಚ್ಚಿ ಕೇಳಿಸಿದೆ. ಗಿಟಾರ್ ವಾದಕನೇ ಮೊದಲು ಮುಖ ಹುಳಿ ಮಾಡಿದ. ಯಾವುದೋ ದೇಶದ ಸಭ್ಯ ಸಭಾಂಗಣದ ಚಪ್ಪಾಳೆಯಲ್ಲಿ ನಮ್ಮ ಸಿಳ್ಳೆ ಇಲ್ಲ, "ಒನ್ಸ್ ಮೋರ್" ಇಲ್ಲ. ಕಂಪನಿ ನಾಟಕದ ಕಾಲದಿಂದ ನಮ್ಮ ಜನ ಕೂಗಿಕೊಂಡು ಬಂದ ಆ ಎರಡು ಪದ ಯಾವ ಸಂಗ್ರಹದಲ್ಲೂ ಸಿಗುವುದಿಲ್ಲ. ಕೊನೆಗೆ ಗಾಯಕಿಯ ಮೈಕಿನಲ್ಲಿ ಹಾಡುಗಳ ನಡುವೆ ಸೋರಿಬಂದಿದ್ದ ಜನರ ಸದ್ದನ್ನೇ ಹಿಗ್ಗಿಸಿ ಕೆಲಸ ಮುಗಿಸಿದೆವು. ದೋಷ ಎಂದು ನಾವು ಬೈಯುವ ಲೀಕೇಜ್ ಆ ಆಲ್ಬಮ್ಮನ್ನು ಉಳಿಸಿತು.

ಇತ್ತೀಚೆಗೆ ಇನ್ನೊಂದು ತೊಡಕು ಸೇರಿದೆ. ಅನೇಕ ಬ್ಯಾಂಡ್‌ಗಳು ವೇಗ ತಪ್ಪದಂತೆ ಟಿಕ್ ಟಿಕ್ ಎನ್ನುವ ಕ್ಲಿಕ್ ಸದ್ದನ್ನು ಕಿವಿಯಲ್ಲಿ ಹಾಕಿಕೊಂಡು, ಕೀಬೋರ್ಡ್ ಮತ್ತು ಹಿನ್ನೆಲೆ ದನಿಗಳನ್ನು ಲ್ಯಾಪ್‌ಟಾಪಿನಿಂದ ಬಿಡುತ್ತಾ ನುಡಿಸುತ್ತವೆ. ವೇದಿಕೆಯಲ್ಲಿ ಅದು ಸುರಕ್ಷಿತ, ಬೆಳಕಿನ ವಿನ್ಯಾಸಕ್ಕೂ ಅನುಕೂಲ. ಆದರೆ ಹಾಡಿನ ವೇಗ ಸ್ಟುಡಿಯೋದಲ್ಲಿದ್ದಷ್ಟೇ, ಅರ್ಧ ಸದ್ದು ಸ್ಟುಡಿಯೋದಿಂದಲೇ ಬಂದದ್ದು. ಜನ ಕುಣಿಯುತ್ತಿದ್ದಾರೆ, ಇನ್ನೆರಡು ಸುತ್ತು ನುಡಿಸೋಣ ಎಂದು ಡ್ರಮ್ಮರ್‌ಗೆ ಅನ್ನಿಸಿದರೂ ಲ್ಯಾಪ್‌ಟಾಪ್ ಒಪ್ಪುವುದಿಲ್ಲ. ಅಂಥ ಕಾರ್ಯಕ್ರಮವನ್ನು ಆಲ್ಬಮ್ ಮಾಡಿಕೊಡಿ ಎಂದು ಬಂದವರಿಗೆ ನಾನು ನೇರವಾಗಿ ಹೇಳುತ್ತೇನೆ: ವಿಡಿಯೋ ಮಾಡಿ, ಆಲ್ಬಮ್ ಬೇಡ. ಒಂದಿಬ್ಬರು ಬೇರೆ ಎಂಜಿನಿಯರ್ ಹುಡುಕಿಕೊಂಡು ಹೋಗಿದ್ದಾರೆ.

ಒಪ್ಪಿಕೊಂಡ ಕೆಲಸಕ್ಕೆ ಈಗ ಮುಂಚೆಯೇ ಷರತ್ತು ಹಾಕುತ್ತೇನೆ. ವೇದಿಕೆಯ ಎರಡು ಅಂಚಿನಲ್ಲಿ ಜನರತ್ತ ಮುಖ ಮಾಡಿದ ಎರಡು ಮೈಕು, ಮಿಕ್ಸಿಂಗ್ ಕನ್ಸೋಲ್ ಇರುವಲ್ಲಿ ಇನ್ನೆರಡು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ಕನ್ಸೋಲ್ ಮೂವತ್ತು ಮೀಟರ್ ದೂರವಿದ್ದರೆ ಅಲ್ಲಿಗೆ ತಲುಪಲು ಸುಮಾರು 90 ಮಿಲಿಸೆಕೆಂಡ್ ಬೇಕು, ಹಾಗೆಯೇ ಬೆರೆಸಿದರೆ ಪ್ರತಿ ಪೆಟ್ಟೂ ಎರಡು ಸಲ ಕೇಳಿಸುತ್ತದೆ. ಆದ್ದರಿಂದ ಸೌಂಡ್‌ಚೆಕ್ ವೇಳೆಯಲ್ಲಿ ಡ್ರಮ್ಮರ್ ಒಂದೇ ಒಂದು ಪೆಟ್ಟು ಹೊಡೆದು ನಿಲ್ಲಿಸಬೇಕು, ಎಲ್ಲ ಮೈಕುಗಳಲ್ಲೂ ಅದು ದಾಖಲಾಗಬೇಕು; ಟ್ರ್ಯಾಕುಗಳನ್ನು ಕಾಲದಲ್ಲಿ ಹೊಂದಿಸಲು ನನಗೆ ಅಷ್ಟು ಸಾಕು. ಹಾಡುಗಳ ನಡುವೆ ಧ್ವನಿಮುದ್ರಣ ನಿಲ್ಲಿಸಬಾರದು. ಬಯಲಾದರೆ ಮೈಕುಗಳನ್ನು ಗುಂಪಿನ ತಲೆಗಿಂತ ಸಾಕಷ್ಟು ಎತ್ತರಕ್ಕೆ ಏರಿಸಿ, ಗಾಳಿಗೆ ತುಪ್ಪಳದ ಕವಚ ಹಾಕಬೇಕು. ಇಷ್ಟಕ್ಕೂ ಸೇರಿ ತಗಲುವ ಬಾಡಿಗೆ ಹೊಗೆಯಂತ್ರದ ಬಾಡಿಗೆಗಿಂತ ಕಡಿಮೆ. ಆಯೋಜಕರು ಖರ್ಚು ಕಡಿತ ಮಾಡುವಾಗ ಮೊದಲು ಗೀಟು ಎಳೆಯುವುದು ಮಾತ್ರ ಇದೇ ಸಾಲಿನ ಮೇಲೆ. ಹೊಗೆಯಂತ್ರವನ್ನು ಯಾರೂ ಮುಟ್ಟುವುದಿಲ್ಲ.