ಆಯಿ ಎಲ್ಲಿ?

ಬ್ಯಾಂಕಿನಲ್ಲಿದ್ದಾಳೆ.

ಉತ್ತರ ಅಷ್ಟೇ. ಅವಸರ ಇದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು. ಸಿದ್ದಾಪುರದಲ್ಲಿ ಬ್ಯಾಂಕಿನದೊಂದು ಶಾಖೆ, ಅಲ್ಲಿ ಎರಡನೇ ಕೌಂಟರು. ಬೆಳಿಗ್ಗೆ ಏಳೂಮುಕ್ಕಾಲಿನ ಬಸ್ಸಿಗೆ ಹೋಗುತ್ತಾಳೆ, ಸಂಜೆ ಏಳರ ಹೊತ್ತಿಗೆ ಬರುತ್ತಾಳೆ. ಆರೋಗ್ಯವಾಗಿದ್ದಾಳೆ. ತವರಿಗೆ ಹೋಗಿಲ್ಲ. ನಾವು ಜಗಳ ಆಡಿಲ್ಲ. ಅಂದರೆ ಆಡುತ್ತೇವೆ, ಆದರೆ ನಾನು ಮಕ್ಕಳನ್ನು ಎತ್ತಿಕೊಂಡು ತಿರುಗುವುದಕ್ಕೆ ಅದು ಕಾರಣ ಅಲ್ಲ.

ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ಅಮ್ಮನಿಗೆ ಆಯಿ ಅನ್ನುತ್ತೇವೆ. ನಮ್ಮೂರ ಕಿರಾಣಿ ಅಂಗಡಿಯಿಂದ ಹಿಡಿದು ಶಿರಸಿಯ ದೇವಿಕೆರೆಯ ತನಕ, ಮುಂಜಿಮನೆ, ವರ್ಷಾಂತಿಕದ ಮನೆ, ಬಸ್ ಸ್ಟ್ಯಾಂಡು, ಎಲ್ಲ ಕಡೆ ಇದೊಂದೇ ಪ್ರಶ್ನೆ. ಅದನ್ನೂ ನನ್ನ ಹತ್ತಿರ ಕೇಳುವುದಿಲ್ಲ, ನೋಡಿ. ನನ್ನ ಸೊಂಟದ ಮೇಲೆ ಕೂತ ಒಂದೂವರೆ ವರ್ಷದ ಅಪ್ಪಿಯ ಗಲ್ಲ ಹಿಂಡಿ, "ಆಯಿ ಎಲ್ಲಿದ್ದು ತಮಾ?" ಅಂತ ಅವನನ್ನು ಕೇಳುತ್ತಾರೆ. ಅವನಿಗೆ ಬರುವುದು ಒಟ್ಟು ಆರು ಮಾತು. ಅದರಲ್ಲಿ ಎರಡು ದನಕ್ಕೆ ಸಂಬಂಧಪಟ್ಟದ್ದು. ಬ್ಯಾಂಕು ಅನ್ನುವುದು ಆ ಆರರಲ್ಲಿ ಇಲ್ಲ. ಹಾಗಾಗಿ ಅವನು ಅವರ ಕನ್ನಡಕ ಕೀಳಲು ಹೋಗುತ್ತಾನೆ, ನಾನು ಉತ್ತರ ಹೇಳುತ್ತೇನೆ. ಆಮೇಲೆ ಅವರು ನನ್ನ ಕಡೆ ತಿರುಗಿ, ಅಂಚೆಯಣ್ಣನ ಹತ್ತಿರ ಬೇರೆಯವರ ಮನೆಯ ಕಾಗದ ಸಿಕ್ಕಿದ ಹಾಗೆ ನೋಡಿ, "ಓಹೋ, ಇವತ್ತು ನೀನೇಯಾ?" ಅನ್ನುತ್ತಾರೆ.

ಇವತ್ತು ನಾನೇ. ನಿನ್ನೆಯೂ ನಾನೇ. ನಾಳೆ ಭಾನುವಾರ ಅಲ್ಲದಿದ್ದರೆ ನಾಳೆಯೂ ನಾನೇ.

ಇದನ್ನು ಬರೆಯಲೇಬೇಕು ಅನ್ನಿಸಿದ್ದು ಒಂದು ಗುರುವಾರ. ಗುರುವಾರ ಅಂದರೆ ಲಸಿಕೆಯ ದಿನ. ಅಪ್ಪಿಗೆ ಒಂಬತ್ತು ತಿಂಗಳು ತುಂಬಿತ್ತು, ದಡಾರ–ರುಬೆಲ್ಲಾ ಸೂಜಿ ಹಾಕಿಸಬೇಕಿತ್ತು. ನಮ್ಮ ಮೊದಲ ಮಗು ಕೂಸನ್ನು ಅಂಗನವಾಡಿಗೆ ಬಿಟ್ಟು, ಇವನನ್ನು ಎದೆಗೆ ಕಟ್ಟಿಕೊಂಡು ಬೈಕಿನಲ್ಲಿ ಆಸ್ಪತ್ರೆಗೆ ಹೋದೆ. ಬೆಂಚಿನ ಮೇಲೆ ಹದಿನಾಲ್ಕು ಹೆಂಗಸರು, ನಾನೊಬ್ಬ. ನನಗೆ ಜಾಗ ಮಾಡಿಕೊಡಲು ಮೂವರು ಎದ್ದು ನಿಂತರು. ಸಣ್ಣ ಮಗು ಎತ್ತಿಕೊಂಡ ಬಾಣಂತಿ ನನಗೆ ಎದ್ದು ಜಾಗ ಕೊಡುವುದು! ನಾಚಿಕೆಯಾಗಿ ನಿಂತೇ ಇದ್ದೆ.

ನನ್ನ ಸರದಿ ಬಂತು. ಕಾರ್ಡು ಕೊಟ್ಟೆ. ಕರ್ನಾಟಕದಲ್ಲಿ ಮಕ್ಕಳಿದ್ದವರಿಗೆಲ್ಲ ಈ ಕಾರ್ಡು ಗೊತ್ತು. ಬಸುರಿಯ ತೂಕದಿಂದ ಹಿಡಿದು ಮಗುವಿನ ಲಸಿಕೆಯ ತನಕ ಎಲ್ಲ ಬರೆಯುವ ಪುಸ್ತಕ. ಅದರ ಹೆಸರೇ ತಾಯಿ ಕಾರ್ಡು. ಸೂಜಿ ಹಾಕುವ ಸಿಸ್ಟರ್ ಕಾರ್ಡು ನೋಡಿದರು, ನನ್ನನ್ನು ನೋಡಿದರು.

"ತಾಯಿ ಎಲ್ಲಿ?"

"ಬ್ಯಾಂಕಲ್ಲಿ."

"ಹೋದ ಸಲ ಸೂಜಿ ಹಾಕಿದಾಗ ಜ್ವರ ಬಂದಿತ್ತಾ?"

ಹೇಳಿದೆ. ಒಂದೂವರೆ ತಿಂಗಳ ಸೂಜಿಗೆ ರಾತ್ರಿ ಒಂಬತ್ತೂವರೆಗೆ ನೂರಾ ಒಂದು ಜ್ವರ, ಎಡ ತೊಡೆ ಗಟ್ಟಿಯಾಗಿತ್ತು, ಹನಿ ಔಷಧಿ ಎರಡು ಸಲ ಹಾಕಿದ್ದೆ. ಎರಡೂವರೆ ತಿಂಗಳದ್ದಕ್ಕೆ ಬರೀ ಕಿರಿಕಿರಿ. ಮೂರೂವರೆಯದಕ್ಕೆ ಏನೂ ಇಲ್ಲ, ಆದರೆ ಮರುದಿನ ಮಧ್ಯಾಹ್ನದ ತನಕ ಕಾಲು ಮಡಚಲಿಲ್ಲ. ಅವರು ಪೆನ್ನು ಎತ್ತಿ ಹಿಡಿದೇ ಇದ್ದರು, ಒಂದಕ್ಷರ ಬರೆಯಲಿಲ್ಲ. "ಒಂದ್ಸಲ ತಾಯಿಗೆ ಫೋನ್ ಮಾಡಿ, ಕೇಳುವಾ" ಅಂದರು.

ಮಾಡಿದೆ. ಸ್ಪೀಕರಿಗೆ ಹಾಕಿದೆ. ಅತ್ತ ನೋಟು ಎಣಿಸುವ ಯಂತ್ರದ ಸದ್ದು, ಯಾರೋ ಪಾಸ್‌ಬುಕ್ಕಿಗೆ ಗಲಾಟೆ ಮಾಡುತ್ತಿದ್ದ ಸದ್ದು. ಜ್ವರದ ಪ್ರಶ್ನೆ ಕೇಳಿ ನನ್ನ ಹೆಂಡತಿ, "ನಂಗೆ ನೆನಪಿಲ್ಲ, ಅಲ್ಲೇ ಇದ್ದಾರಲ್ಲ, ಅವರನ್ನೇ ಕೇಳಿ" ಅಂದು ಇಟ್ಟಳು.

ಸಿಸ್ಟರ್ ಅಪ್ಪಿಯ ತೋಳು ಒರೆಸುತ್ತ "ಪಾಪ" ಅಂದರು. ಯಾರಿಗೆ ಅಂದರು ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿದೆ. ತಾಯಿ ಇಲ್ಲದೆ ಬಂದ ಮಗುವಿಗಾ, ಮಗುವಿನ ಜ್ವರ ನೆನಪಿಲ್ಲದ ತಾಯಿಗಾ, ಅಥವಾ ನನಗಾ? ಸೂಜಿ ಮಾತ್ರ ಚೆನ್ನಾಗಿ ಹಾಕಿದರು, ಅಪ್ಪಿ ಅತ್ತದ್ದು ಅರ್ಧ ನಿಮಿಷ.

ಸಂಜೆ ಇದನ್ನು ಹೇಳಿದರೆ ಹೆಂಡತಿ ನಕ್ಕಳು, ಆಮೇಲೆ ಅವಳದ್ದು ಹೇಳಿದಳು. ಕೌಂಟರಿಗೆ ಬರುವ ಗುರುತಿನವರು ಅವಳನ್ನೂ ಕೇಳುತ್ತಾರಂತೆ, "ಮಕ್ಕಳನ್ನ ಎಲ್ಲಿ ಬಿಟ್ಟು ಬಂದೆ?" ಅಪ್ಪನ ಹತ್ತಿರ ಅಂದರೆ "ಅಯ್ಯೋ ಪಾಪ". ಅಲ್ಲಿಯೂ ಪಾಪ! ನನಗೆ ಸಿಗುವ ಪಾಪದಲ್ಲಿ ಒಂದು ಮೆಚ್ಚುಗೆ ಇರುತ್ತದೆ, ಒಂದು ಲೋಟ ಹೆಚ್ಚಿನ ಮಜ್ಜಿಗೆಯಾದರೂ ಸಿಗುತ್ತದೆ. ಅವಳಿಗೆ ಸಿಗುವ ಪಾಪದಲ್ಲಿ ಬೈಗುಳ ಇರುತ್ತದೆ. ನಾನು ಒಂದು ಹೊತ್ತು ಮಗುವಿಗೆ ಗಂಜಿ ತಿನ್ನಿಸಿದರೆ ಸುದ್ದಿಯಾಗುತ್ತದೆ. ಅವಳು ಒಂದು ಹೊತ್ತು ತಿನ್ನಿಸದಿದ್ದರೂ ಸುದ್ದಿಯೇ. ಇದು ಗೊತ್ತಿದ್ದೂ ಆ ಮಜ್ಜಿಗೆ ನಾನು ಬೇಡ ಅಂದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅವಳು ಪಕ್ಕದಲ್ಲೇ ಇದ್ದಾಗಲೂ ಈ ಪ್ರಶ್ನೆ ನಿಲ್ಲುವುದಿಲ್ಲ. 2025ರ ಹೋಳಿಗೆ ಶಿರಸಿಯಲ್ಲಿ ಬೇಡರ ವೇಷದ ಕುಣಿತ ಇತ್ತು. ಮಾರಿಜಾತ್ರೆ ಇಲ್ಲದ ವರ್ಷ ಬರುವುದು ಅದು. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಹಿಂದೆ ಹಗ್ಗ ಹಿಡಿದು ಜಗ್ಗುವವರಿಬ್ಬರು, ತಮಟೆ ಬಡಿತ. ಬೇಡ ಒಂದು ಸಲ ನಮ್ಮ ಕಡೆ ನುಗ್ಗಿದ್ದೇ ಕೂಸು ನನ್ನ ಕುತ್ತಿಗೆಗೆ ನೇತುಬಿದ್ದು ಕಿರುಚಿತು. ಹಿಂದಿದ್ದ ಒಬ್ಬರು, "ಅದರ ಅಮ್ಮನ ಹತ್ರ ಕೊಡಿ, ಸುಮ್ಮನಾಗ್ತದೆ" ಅಂದರು. ಅದರ ಅಮ್ಮ ಅಲ್ಲೇ ಅಪ್ಪಿಯನ್ನು ಹೆಗಲಿಗೆ ಹಾಕಿಕೊಂಡು, ಕಣ್ಣು ಮಿಟುಕಿಸದೆ ಕುಣಿತ ನೋಡುತ್ತಿದ್ದಳು. ತಿರುಗಿ ನೋಡದೆಯೇ, "ನನ್ನ ಹತ್ರ ಬಂದ್ರೆ ಇನ್ನೂ ಜೋರು ಕೂಗ್ತು" ಅಂದಳು. ನಿಜ. ಭಯಕ್ಕೆ ನಾನು, ಹೊಟ್ಟೆನೋವಿಗೆ ಆಯಿ, ಕೂಸಿನ ಲೆಕ್ಕ ಹಾಗಿದೆ.

"ನಿಂಗೆ ಬಿಡಪಾ, ಮನೇಲೇ ಇರ್ತೆ, ಪುರಸೊತ್ತು" ಅನ್ನುವವರಿಗೂ ಒಂದು ಮಾತು. ನನ್ನ ಹೆಂಡತಿಗೆ 26 ವಾರ ಹೆರಿಗೆ ರಜೆ ಸಿಕ್ಕಿತು. 2017ಕ್ಕೆ ಮೊದಲಾಗಿದ್ದರೆ ಕಾನೂನಿನಲ್ಲಿ ಇದ್ದದ್ದು 12 ವಾರ. ಕೇಂದ್ರ ಸರ್ಕಾರದ ಗಂಡಸು ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಅಂಥ ಕಾನೂನೇ ಇಲ್ಲ, ಕಂಪನಿಯವರ ಮರ್ಜಿ. ನನ್ನದು ಎರಡು ಎಕರೆ ಅಡಿಕೆ ತೋಟ, ರಾತ್ರಿ ನಾಲ್ಕು ಅಂಗಡಿಯವರ ಲೆಕ್ಕ ಬರೆಯುವ ಕೆಲಸ. ಅಡಿಕೆಗೆ ಪಿತೃತ್ವ ತಿಳಿಯುವುದಿಲ್ಲ. ಅಪ್ಪಿ ಹುಟ್ಟಿದ್ದು ಜೂನಿನಲ್ಲಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ತರಾತುರಿಯಲ್ಲಿ. ಅವಳ ರಜೆ ಮುಗಿದದ್ದು ಡಿಸೆಂಬರಿನಲ್ಲಿ, ಅಡಿಕೆ ಗೊನೆಯ ಕೊಯ್ಲು ಶುರುವಾಗುವಾಗ. ಅಂಗಳದಲ್ಲಿ ಅಡಿಕೆ ಸುಲಿಯುವ ಎಂಟು ಮೆಟ್ಟುಗತ್ತಿ, ಆಚೆ ಅಡಿಕೆ ಬೇಯುವ ಹಂಡೆ, ನಡುವೆ ಅಂಬೆಗಾಲಿಡಲು ಕಲಿತ ಒಬ್ಬ ಮನುಷ್ಯ. ಬಾಯಿಗೆ ಬೆರಳು ಹಾಕಿ ಹಸಿ ಅಡಿಕೆ ತೆಗೆದದ್ದು ಎಷ್ಟು ಸಲವೋ. ಪುರಸೊತ್ತು ಅಂತೆ.

ಇಷ್ಟಕ್ಕೂ ನನ್ನ ಸಿಟ್ಟು ಪ್ರಶ್ನೆಯ ಮೇಲಲ್ಲ. ಕೇಳುವುದೇ ಆದರೆ ಬೇರೊಂದು ಕೇಳಬಹುದಿತ್ತಲ್ಲ ಅಂತ. ಇದನ್ನೆಲ್ಲ ನಿಂಗೆ ಯಾರು ಕಲಿಸಿದ್ರು? ಈ ತನಕ ಒಬ್ಬರೂ ಕೇಳಲಿಲ್ಲ. ನನಗೆ ಅದರ ಉತ್ತರ ಹೇಳುವ ಆಸೆ ಇದೆ.

ಕೂಸು ಹುಟ್ಟಿದಾಗ ನಾನು ಏನೂ ಕಲಿಯಲಿಲ್ಲ. ಬಾಣಂತನಕ್ಕೆ ಹೆಂಡತಿ ತವರಿಗೆ ಹೋದಳು, ಹೊನ್ನಾವರದ ಹತ್ತಿರ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ ಹೋಗಬೇಕು. ಭಾನುವಾರ ಹೋಗುತ್ತಿದ್ದೆ. ಕೈ ತೊಳೆಸಿ, ಕೂರಿಸಿ, ಮಡಿಲಲ್ಲಿ ಇಡುತ್ತಿದ್ದರು. "ಕುತ್ತಿಗೆ ನಿಂತಿಲ್ಲ, ಜಾಗ್ರತೆ!" ಐದು ನಿಮಿಷಕ್ಕೆ ವಾಪಸ್ಸು. ಬಚ್ಚಲಮನೆಯ ಬಾಗಿಲಿನ ಆಚೆ ನೀರು ಸುರಿಯುವ ಸದ್ದು, ಮಗು ಕೂಗುವ ಸದ್ದು. ಒಳಗೆ ಏನು ನಡೆಯುತ್ತದೆ ಅನ್ನುವುದು ಗಂಡಸರಿಗೆ ಸಂಬಂಧಪಟ್ಟದ್ದಲ್ಲ. ನನಗೆ ಕಷಾಯ, ದೋಸೆ, ಜಗುಲಿಯಲ್ಲಿ ಮಾವನ ಜೊತೆ ಅಡಿಕೆ ದರದ ಮಾತು. ಐದು ತಿಂಗಳು ತುಂಬಿದ ಮೇಲೆ ಕೂಸು ನಮ್ಮ ಮನೆಗೆ ಬಂತು, ನನ್ನ ಮುಖ ಕಂಡರೆ ಒಂದು ವಾರ ಅತ್ತಿತು. ಯಾಕೆ ಅಳಬಾರದು? ಅದಕ್ಕೆ ನಾನು ಭಾನುವಾರದ ನೆಂಟ.

ಅಪ್ಪಂದಿರಿಗೆ ಆಸಕ್ತಿ ಇಲ್ಲ ಅನ್ನುತ್ತಾರೆ. ಇರಬಹುದು. ಆದರೆ ಕಲಿಯುವ ಐದು ತಿಂಗಳು ಬಾಗಿಲ ಹೊರಗೆ ನಿಲ್ಲಿಸಿ, ಆರನೇ ತಿಂಗಳು "ಗಂಡಸರಿಗೆ ಎಲ್ಲಿ ಬರ್ತದೆ" ಅಂದರೆ?

ಎರಡನೆಯ ಸಲ ಏನಾಯಿತೆಂದರೆ, ಹೆರಿಗೆಗೆ ಹದಿನೈದು ದಿನ ಇರುವಾಗ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನನ್ನ ಆಯಿ ತೀರಿಹೋಗಿ ಆರು ವರ್ಷ. ಕೊನೆಗೆ ಬಾಣಂತಿಯನ್ನು ಘಟ್ಟದ ಕೆಳಗೆ ಕಳಿಸುವ ಬದಲು ಅತ್ತೆಯೇ ಪ್ಲಾಸ್ಟರ್ ಕಾಲಿನ ಸಮೇತ ಘಟ್ಟ ಹತ್ತಿ ಬಂದರು. ಬಚ್ಚಲಮನೆಯ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕಾಲಿಗೆ ಒಂದು ಸ್ಟೂಲು. ಒಳಗೆ ಮಣೆಯ ಮೇಲೆ ಕಾಲು ಚಾಚಿ ಕೂತವನು ನಾನು.

ಅತ್ತೆಗೂ ನನಗೂ ಅಲ್ಲಿಯ ತನಕ ಏಳು ವರ್ಷದಲ್ಲಿ ಆದ ಮಾತು ಒಂದು ಪುಟಕ್ಕೆ ಸಾಲದು. ಅಡುಗೆಮನೆಯ ಒಳಗಿಂದ "ಊಟಕ್ಕೆ ಏಳ್ಲಕ್ಕಡ" ಅಂತ ಯಾರಿಗೋ ಹೇಳಿದಂತೆ ಹೇಳುತ್ತಿದ್ದರು. ಮೊದಲ ದಿನ ಬಚ್ಚಲಮನೆಯಲ್ಲೂ "ನೀವು" ಇತ್ತು. "ನೀವು ಹಿಂದಿಂದ ತಲೆ ಹಿಡೀರಿ." ಎರಡನೇ ದಿನ, "ತಲೆ, ತಲೆ!" ಬೋರಲು ಮಲಗಿಸಿ ಬೆನ್ನಿಗೆ ನೀರು ಹೊಯ್ಯುವಾಗ ಅಪ್ಪಿ ಜಾರಿದ ದಿನ, "ಏ ತಮಾ, ಕಣ್ಣು ಎಲ್ಲಿಟ್ಟಿದ್ಯ!" ಅಲ್ಲಿಂದ ಮುಂದೆ ನಾನು ತಮ. ನೀರಿನ ಬಿಸಿ ನೋಡುವುದು ಅಂಗೈಯಿಂದಲ್ಲ, ಮೊಣಕೈಯಿಂದ. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಹಾಲು ಕೂತು ವಾಸನೆ ಬರುತ್ತದೆ, ಅಲ್ಲಿ ಮರೆಯಬಾರದು. ನೆತ್ತಿಯ ಮೇಲೆ ಒತ್ತಬಾರದು, ಅದು ಪೂರ್ತಿ ಕೂಡುವುದಕ್ಕೆ ಒಂದೂವರೆ ವರ್ಷದ ತನಕವೂ ಬೇಕು. ಡಾಕ್ಟರು ಕಿವಿಗೆ ಎಣ್ಣೆ ಬೇಡ, ವರ್ಷ ತುಂಬುವ ತನಕ ಜೇನುತುಪ್ಪ ಬೇಡ ಅಂದಿದ್ದರು. ಅದನ್ನು ಅತ್ತೆಗೆ ಹೇಳುವ ಕೆಲಸವೂ ನನ್ನದೇ ಆಯಿತು. ಎರಡು ದಿನ ಮುಖ ಊದಿಸಿಕೊಂಡಿದ್ದರು. ಎಣ್ಣೆ ಬಿಟ್ಟರು, ಜೇನು ಬಿಟ್ಟರು, ಬಜೆ ತೇಯುವ ಕಲ್ಲು ಮಾತ್ರ ತಲೆದಿಂಬಿನ ಅಡಿಯಲ್ಲಿ ಇಟ್ಟುಕೊಂಡಿದ್ದು ಆಮೇಲೆ ಗೊತ್ತಾಯಿತು.

ಹೊರಗೆ ಮಳೆ. ಬಟ್ಟೆ ಒಣಗದ ಮಳೆ ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ದಿನಕ್ಕೆ ಇಪ್ಪತ್ತು ತುಂಡು ಬಟ್ಟೆ ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಆಗಸ್ಟ್ ಮುಗಿಯುವ ತನಕ ಅಪ್ಪಿಗೆ ಹಾಲಿನ ವಾಸನೆಯೇ ಇರಲಿಲ್ಲ, ಹೊಗೆಯ ವಾಸನೆ. ಈಗಲೂ ಒಲೆಗೆ ಬೆಂಕಿ ಹಾಕಿದರೆ ನನಗೆ ಅವನ ಬೆನ್ನು ನೆನಪಾಗುತ್ತದೆ.

ಅಪ್ಪಯ್ಯ ಇದನ್ನೆಲ್ಲ ಜಗುಲಿಯಿಂದ ನೋಡುತ್ತಿದ್ದ. ಒಂದು ದಿನ ಇದ್ದಕ್ಕಿದ್ದಂತೆ, ತಾನು ನನ್ನನ್ನು ಎತ್ತಿಕೊಂಡದ್ದೇ ಇಲ್ಲ ಅಂದ. ಹೆಚ್ಚುಗಾರಿಕೆಯಿಂದ ಹೇಳಿದ್ದಲ್ಲ, ಬೇಸರದಿಂದಲೂ ಅಲ್ಲ. ಆಗ ಮನೆಯಲ್ಲಿ ಹದಿನೆಂಟು ಜನ, ಹಿರಿಯರ ಎದುರು ತನ್ನ ಮಗುವನ್ನು ತಾನು ಎತ್ತಿದರೆ ನಾಚಿಕೆಗೇಡು. ಅಣ್ಣನ ಮಕ್ಕಳನ್ನು ಎತ್ತಬಹುದಿತ್ತಂತೆ, ಅದಕ್ಕೆ ಅಡ್ಡಿ ಇರಲಿಲ್ಲ. ನನ್ನನ್ನು ದೊಡ್ಡಪ್ಪ ಎತ್ತಿದನಂತೆ. ಹಾಗಾದರೆ ಲೆಕ್ಕ ಸರಿಯಾಯಿತಲ್ಲ ಅಂದೆ. ಅಪ್ಪಯ್ಯ ಏನೂ ಹೇಳದೆ ಕೈ ತೊಳೆದು ಬಂದು ಅಪ್ಪಿಯನ್ನು ಎತ್ತಿಕೊಂಡ. ಹಿಡಿದ ರೀತಿ ತಪ್ಪಿತ್ತು. ಕುರ್ಚಿಯಿಂದ ಅತ್ತೆ ಬಾಯಿ ತೆರೆದರು, ಬೀಗರು ಅಂತ ಸುಮ್ಮನಾದರು.

ಅತ್ತೆ ಈಗ ಕೋಲು ಹಿಡಿದು ನಡೆಯುತ್ತಾರೆ. ರಾತ್ರಿ ಎಂಟಕ್ಕೆ ಫೋನು ಬರುತ್ತದೆ, ನನಗೆ. ಹಲ್ಲು ಬಂತಾ, ಶೀತ ಬಿಟ್ಟಿತಾ, ಮೊನ್ನೆ ಹೇಳಿದ ಮಣ್ಣಿ ಮಾಡಿಕೊಟ್ಟೆಯಾ? ಹೆಂಡತಿಗೆ ಸಣ್ಣ ಹೊಟ್ಟೆಕಿಚ್ಚಿದೆ. ತನ್ನ ಆಯಿ ತನ್ನ ಹತ್ತಿರ ಮಾತಾಡದೆ ಹದಿನೈದು ದಿನವಾಯಿತು ಅಂತ ಒಂದು ದಿನ ಅತ್ತೇಬಿಟ್ಟಳು.

ಹೋದ ತಿಂಗಳು ಒಂದು ಭಾನುವಾರ ಕುಮಟಾದಲ್ಲಿ ಕೆಲಸವಿತ್ತು. ಮಕ್ಕಳನ್ನು ಮನೆಯಲ್ಲಿ ಬಿಟ್ಟು ನಾನೊಬ್ಬನೇ ಘಟ್ಟ ಇಳಿದೆ. ಹೇಗೂ ಬಂದಾಯಿತು ಅಂತ ಅತ್ತೆಮನೆಗೂ ಹೋದೆ. ಅತ್ತೆ ಜಗುಲಿಯ ಕಂಬ ಹಿಡಿದು ನಿಂತು ನನ್ನ ಹಿಂದೆ ನೋಡಿದರು, ಗೇಟಿನ ಆಚೆ ನೋಡಿದರು.

"ಮಕ್ಕ ಎಲ್ಲಿ?"

ಅವರ ಆಯಿಯ ಹತ್ತಿರ ಇದ್ದಾರೆ ಅಂದೆ.

ಅತ್ತೆಯ ಮುಖ ಸಣ್ಣದಾಯಿತು. "ಅದೊಂದಕ್ಕೇ ಸುಧಾರಸ್ತಾ?" ಅಂದರು. ಒಳಗೆ ಹೋಗಿ ಕಷಾಯ ಇಡುವ ಮೊದಲು ಮಗಳಿಗೆ ಫೋನು ಮಾಡಿದರು.